ಕರೆದರೋ, ಬೇಡವೆಂದರೋ?

ಮಕ್ಕಳೇ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಪುಟ ಓದುವ ಅಜ್ಜ ಅಜ್ಜಿಯರೇ,

ಈ ವಾರ ಒಂದು ಕಾಗದದಿಂದ ಶುರು ಮಾಡೋಣ. ತುರುವೇಕೆರೆ ಕಡೆಯ ತೆಂಗು ಬೆಳೆಗಾರರೊಬ್ಬರು ಬರೆದದ್ದು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಅವರನ್ನು ತಾತ ಎಂದೇ ಕರೆಯೋಣ.

ತಾತನ ಮನೆಯ ಅಟ್ಟದ ಮೇಲೆ ಹೋದ ವರ್ಷದ ಕಾಯಿ ಕೊಬ್ಬರಿಯಾಗಿ ಕೂತಿತ್ತು. ನಮ್ಮ ಸೀಮೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ಒಂದು ಮಾತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಉಂಡೆ ಕೊಬ್ಬರಿ ಹೋಳು ಮಾಡಿ ಬಿಸಿಲಿಗೆ ಹರಡಿ ಒಣಗಿಸಿದ್ದಲ್ಲ. ಬಲಿತ ಕಾಯನ್ನು ಹಾಗೇ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗುಂಡಗೆ ನಿಲ್ಲುತ್ತದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಸದ್ದು ಬರುತ್ತದೆ. ಆಗ ಸುಲಿದು, ಚಿಪ್ಪು ಒಡೆದು, ಕೊಬ್ಬರಿ ತೆಗೆಯುವುದು. ತೆಗೆದ ಮೇಲೆ ಅದಕ್ಕೆ ನೀರು ತಗುಲಬಾರದು. ತಗುಲಿದರೆ ಬೂಷ್ಟು ಹಿಡಿಯುತ್ತದೆ, ಬೆಲೆ ಇಳಿಯುತ್ತದೆ.

ಕೊಬ್ಬರಿ ಕೊಳ್ಳುವವರ ಕಡೆಯಿಂದ ಒಂದು ಮಧ್ಯಾಹ್ನ ತಾತನ ಮೊಬೈಲಿಗೆ ಇಂಗ್ಲಿಷಿನಲ್ಲಿ ಸಂದೇಶ ಬಂತು. ತಾತ ಏಳನೇ ತರಗತಿಯ ಮೊಮ್ಮಗಳನ್ನು ಕರೆದರು.

“ಏನಂತೆ ನೋಡು ಮಗ.”

ಮೊಮ್ಮಗಳು ಓದಿದಳು: “ಟುಮಾರೋಸ್ ಲೋಡಿಂಗ್ ಈಸ್ ಕಾಲ್ಡ್ ಆಫ್.”

“ಹಂಗಂದ್ರೆ?”

“ಕಾಲ್ ಅಂದ್ರೆ ಕರೆಯೋದು ತಾತ. ನಾಳೆ ಲೋಡಿಂಗಿಗೆ ಕರೆದವ್ರೆ.”

ತಾತ ಆಳುಗಳನ್ನು ಕರೆಸಿದರು. ಉಳಿದಿದ್ದ ಕಾಯನ್ನೆಲ್ಲ ಸಂಜೆಯೊಳಗೆ ಸುಲಿಸಿ, ಒಡೆಸಿ, ಚೀಲ ತುಂಬಿಸಿ ಜಗಲಿಯ ಮೇಲೆ ಪೇರಿಸಿಟ್ಟರು. ಬೆಳಗ್ಗೆ ಲಾರಿ ಬರುತ್ತದಲ್ಲ, ಒಳಕ್ಕೇಕೆ ಹೊರುವುದು ಎಂದುಕೊಂಡರು. ರಾತ್ರಿ ಮಳೆ ಬಂತು. ಇರಚಲು ಹೊಡೆದು ಎರಡು ಚೀಲ ನೆನೆದವು. ಬೆಳಗ್ಗೆ ಲಾರಿಯೂ ಬರಲಿಲ್ಲ. ಫೋನು ಮಾಡಿದರೆ, “ಲೋಡಿಂಗ್ ಇಲ್ಲ ಅಂತ ನಿನ್ನೇನೇ ಹೇಳಿದ್ವಲ್ಲ ಯಜಮಾನ್ರೇ” ಎಂಬ ಉತ್ತರ ಬಂತು.

ತಾತ ಬರೆಯುತ್ತಾರೆ: “ನೆಂದ ಎರಡು ಚೀಲದ ನಷ್ಟ ಹೇಗೋ ತಡೆದುಕೊಂಡೆ. ಮಗುವನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಅವತ್ತಿನಿಂದ ಅವಳು ನನ್ನ ಮೊಬೈಲು ಮುಟ್ಟುತ್ತಿಲ್ಲ. ಶಾಲೆಯಲ್ಲೂ ಇಂಗ್ಲಿಷ್ ಪಾಠ ಓದು ಎಂದರೆ ಬಾಯಿ ಬಿಡುತ್ತಿಲ್ಲವಂತೆ. ನನಗೆ ಇಂಗ್ಲಿಷ್ ಬಾರದು. ಬಾರದವನು ಏನೆಂದು ಧೈರ್ಯ ಹೇಳಲಿ, ಮೇಷ್ಟ್ರೇ?”

ಈ ವಾರದ ಪಾಠ ಆ ಪ್ರಶ್ನೆಗೆ ಉತ್ತರ. ಇಂಗ್ಲಿಷ್ ಬಾರದ ತಾತನೂ ಈ ಪಾಠದಲ್ಲಿ ಮೊಮ್ಮಗಳಿಗೆ ಹೇಳಿಕೊಡಬಹುದು. ಹೇಗೆ ಎಂದು ನೋಡೋಣ.

ತಪ್ಪಿದ್ದು ಎಲ್ಲಿ?

“ಕಾಲ್” ಎಂದರೆ ಕರೆ. ಹುಡುಗಿ ಹೇಳಿದ್ದು ಸರಿ. ಆದರೆ “ಕಾಲ್ ಆಫ್” ಎಂದರೆ ಕರೆಯುವುದಲ್ಲ. ಗೊತ್ತು ಮಾಡಿದ್ದನ್ನು ಬೇಡವೆನ್ನುವುದು, ರದ್ದು ಮಾಡುವುದು. ಹಿಂದೆ ಬಂದ ಎರಡಕ್ಷರದ “ಆಫ್” ಇಡೀ ಮಾತನ್ನು ತಲೆಕೆಳಗು ಮಾಡಿತು.

ಇಂಗ್ಲಿಷಿನಲ್ಲಿ ಇಂಥವು ನೂರಾರು ಇವೆ. ಕಾಲ್, ಪುಟ್, ಗೆಟ್, ಲುಕ್, ಟರ್ನ್, ಗಿವ್‌ನಂಥ ಒಂದು ಚಿಕ್ಕ ಕ್ರಿಯಾಪದ. ಅದರ ಹಿಂದೆ ಅಪ್, ಆಫ್, ಔಟ್, ಡೌನ್, ಆನ್‌ನಂಥ ಒಂದು ಪುಟಾಣಿ ಪದ. ಎರಡೂ ಕೂಡಿದಾಗ ಹುಟ್ಟುವ ಅರ್ಥ ಬೇರೆ. ವ್ಯಾಕರಣದಲ್ಲಿ ಇದಕ್ಕೆ ಫ್ರೇಸಲ್ ವರ್ಬ್ ಎನ್ನುತ್ತಾರೆ. ನಾವು ಇಲ್ಲಿ ಜೋಡಿ ಕ್ರಿಯಾಪದ ಎನ್ನೋಣ. ಹಿಂದಿನ ಪುಟಾಣಿ ಪದಕ್ಕೆ ಬಾಲ ಎನ್ನೋಣ.

ಇದು ಕಷ್ಟ ಎನ್ನುವುದು ಆ ಹುಡುಗಿಯೊಬ್ಬಳ ಅನುಭವವಲ್ಲ. 1755ರಲ್ಲಿ ಇಂಗ್ಲಿಷಿನ ಹೆಸರಾಂತ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲೇ ಈ ಬಾಲಗಳ ಮಾತು ಎತ್ತಿದ್ದಾನೆ. ಹೊರಗಿನಿಂದ ಬಂದು ಇಂಗ್ಲಿಷ್ ಕಲಿಯುವವರಿಗೆ ಅತಿ ದೊಡ್ಡ ತೊಡಕು ಇದೇ ಎಂಬುದು ಅವನ ಅಭಿಪ್ರಾಯ. ಆದ್ದರಿಂದ ಮಗೂ, ನೀನು ಎಡವಿದ ಕಲ್ಲು ಹಳೆಯ ಕಲ್ಲು. ನಿನಗಿಂತ ಮೊದಲು ಬಹಳ ಜನ ಅಲ್ಲೇ ಎಡವಿದ್ದಾರೆ.

ಕನ್ನಡದಲ್ಲೂ ಬಾಲ ಇದೆ

ಈಗ ಅಜ್ಜ ಅಜ್ಜಿಯರ ಸರದಿ. ದೂರದ ದೇಶದವರೊಬ್ಬರು ಕನ್ನಡ ಕಲಿಯಲು ನಿಮ್ಮ ಮನೆಗೆ ಬಂದಿದ್ದಾರೆ ಎಂದುಕೊಳ್ಳಿ. ನೀವು “ತೋಟದ ಎರಡು ಮರ ಒಣಗಿಹೋದವು” ಎನ್ನುತ್ತೀರಿ. ಅವರು ಕೇಳುತ್ತಾರೆ: “ಒಣಗಿ ಎಲ್ಲಿಗೆ ಹೋದವು?”

ಮರ ಎಲ್ಲಿಗೆ ಹೋಗುತ್ತದೆ? ನಿಂತಲ್ಲೇ ನಿಂತಿದೆ. ಇಲ್ಲಿ “ಹೋಗು” ಎಂದರೆ ನಡೆದು ಹೋಗುವುದಲ್ಲ. ಕೆಲಸ ಪೂರ್ತಿ ಆಯಿತು, ಇನ್ನು ಹಿಂದಕ್ಕೆ ಬಾರದು ಎಂದು ಅರ್ಥ.

“ಮಗುವನ್ನು ನೋಡಿಕೊಂಡೆ” ಎನ್ನುತ್ತೀರಿ. ಕೊಳ್ಳುವುದು ಎಂದರೆ ದುಡ್ಡು ಕೊಟ್ಟು ತರುವುದು ಎಂದು ಪುಸ್ತಕದಲ್ಲಿ ಕಲಿತವರು ಬೆಚ್ಚಿಬೀಳುತ್ತಾರೆ: “ನೋಡಿ, ಮಗುವನ್ನು ಕೊಂಡಿರಾ?” ಹೇಳಿಕೊಡುವುದರಲ್ಲಿ ಕೈಗೆ ಏನನ್ನೂ ಕೊಡುವುದಿಲ್ಲ. ತೆಗೆದುಹಾಕುವುದು ಎಂದರೆ ತೆಗೆಯುವುದೋ ಹಾಕುವುದೋ? ಸೊಪ್ಪು ಕೊಚ್ಚುವುದು ಬೇರೆ, ನನ್ನಷ್ಟು ಬೇಗ ಮರ ಹತ್ತುವವನಿಲ್ಲ ಎಂದು ಕೊಚ್ಚಿಕೊಳ್ಳುವುದೇ ಬೇರೆ.

ಹೀಗೆ ಹೋಗು, ಬಿಡು, ಕೊಡು, ಕೊಳ್ಳು, ಹಾಕು ಎಂಬ ಬಾಲಗಳನ್ನು ನಾವು ದಿನಕ್ಕೆ ನೂರು ಸಲ ಹಚ್ಚುತ್ತೇವೆ. ಯಾರೂ ನಮಗೆ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಲಿಲ್ಲ. ಅಡುಗೆಮನೆಯಲ್ಲಿ, ತೋಟದಲ್ಲಿ, ಜಗಲಿಯಲ್ಲಿ ಕೇಳಿ ಕೇಳಿ ಬಂತು. ಜರ್ಮನಿಯಿಂದ ಬಂದ ಕಿಟ್ಟೆಲ್ ಇವನ್ನೆಲ್ಲ ಒಂದೊಂದಾಗಿ ಕಲಿಯಬೇಕಾಯಿತು. ಕಲಿತರು, 1894ರಲ್ಲಿ ಮಂಗಳೂರಿನಲ್ಲಿ ನಮಗೇ ಒಂದು ನಿಘಂಟು ಮಾಡಿಕೊಟ್ಟರು. ನೋಡಿ, “ಮಾಡಿಕೊಟ್ಟರು”. ಬಾಲವಿಲ್ಲದೆ ನನಗೂ ಬರೆಯಲಾಗುವುದಿಲ್ಲ.

ವ್ಯತ್ಯಾಸ ಇಷ್ಟೇ. ಕನ್ನಡದಲ್ಲಿ ಬಾಲವೂ ಒಂದು ಕ್ರಿಯಾಪದ. ಇಂಗ್ಲಿಷಿನ ಬಾಲ ಹೆಚ್ಚಾಗಿ ದಿಕ್ಕು ತೋರಿಸುವ ಪದ: ಮೇಲೆ, ಕೆಳಗೆ, ಆಚೆ, ಹೊರಗೆ. ಗುಟ್ಟು ಮಾತ್ರ ಒಂದೇ. ಕೆಲವು ಜೋಡಿಗಳಂತೂ ಅಣ್ಣತಮ್ಮಂದಿರ ಹಾಗಿವೆ:

ಡ್ರೈ ಅಪ್: ಬತ್ತಿಹೋಗು, ಒಣಗಿಹೋಗು
ಬ್ರೇಕ್ ಡೌನ್: ಕೆಟ್ಟುಹೋಗು, ಕೆಟ್ಟುನಿಲ್ಲು
ರನ್ ಔಟ್: ಮುಗಿದುಹೋಗು
ಗಿವ್ ಅಪ್: ಬಿಟ್ಟುಬಿಡು, ಕೈಚೆಲ್ಲು
ಲುಕ್ ಆಫ್ಟರ್: ನೋಡಿಕೊಳ್ಳು
ಟರ್ನ್ ಡೌನ್: ತಳ್ಳಿಹಾಕು, ಒಲ್ಲೆನ್ನು
ಪಿಕ್ ಅಪ್: ಎತ್ತಿಕೊಳ್ಳು
ಪುಟ್ ಆಫ್: ಮುಂದಕ್ಕೆ ಹಾಕು

ಕೊನೆಯದನ್ನು ಇನ್ನೊಮ್ಮೆ ನೋಡಿ. ಸಭೆಯನ್ನು ಮುಂದಕ್ಕೆ ಹಾಕಿದರು ಎನ್ನುವಾಗ ನಾವೂ ಸಭೆಯನ್ನು ಹಿಡಿದೆತ್ತಿ ಎಲ್ಲೋ ಹಾಕುವುದಿಲ್ಲ. ಇಂಗ್ಲಿಷಿನವರೂ “ಪುಟ್” ಎನ್ನುತ್ತಾರೆ, ನಾವೂ “ಹಾಕು” ಎನ್ನುತ್ತೇವೆ. ಪುಟ್ ಆಫ್ ಆದದ್ದು ಇನ್ನೊಂದು ದಿನ ನಡೆಯುತ್ತದೆ; ಕಾಲ್ ಆಫ್ ಆದದ್ದು ನಡೆಯುವುದೇ ಇಲ್ಲ. ಈ ಎರಡನ್ನು ಮಾತ್ರ ಒಂದಕ್ಕೊಂದು ಬೆರೆಸಬೇಡಿ.

ಬಾಲ ಹಿಡಿದು ಕಲಿಯೋಣ

ಜೋಡಿಗಳನ್ನು ಅಕಾರಾದಿಯಾಗಿ ಉರು ಹೊಡೆದರೆ ವಾರದೊಳಗೆ ಮರೆತುಹೋಗುತ್ತವೆ. ಬಾಲದ ಪ್ರಕಾರ ಗುಂಪು ಮಾಡಿ, ನಮ್ಮ ತೋಟ ಮನೆಗಳಿಗೇ ಹೊಂದಿಸಿ ನೋಡಿ.

ಅಪ್: ಮೇಲೆ ಎನ್ನುವುದು ಇದರ ಮೊದಲ ಅರ್ಥ. “ಗೆಟ್ ಅಪ್” ಎಂದರೆ ಎದ್ದೇಳು. ಆದರೆ ಬಹಳ ಕಡೆ ಇದು “ಪೂರ್ತಿ” ಎಂದು ಹೇಳುತ್ತದೆ. “ಡ್ರಿಂಕ್ ಅಪ್ ಯುವರ್ ಮಿಲ್ಕ್” ಎಂದರೆ ಲೋಟದಲ್ಲಿ ಉಳಿಸದೆ ಹಾಲು ಕುಡಿದುಬಿಡು. “ದ ವೆಲ್ ಡ್ರೈಡ್ ಅಪ್” ಎಂದರೆ ಬಾವಿ ಬತ್ತಿಹೋಯಿತು. ನಮ್ಮ ಬಿಡು, ಹೋಗು ಮಾಡುವ ಕೆಲಸವನ್ನೇ ಇಲ್ಲಿ ಅಪ್ ಮಾಡುತ್ತಿದೆ.

ಆಫ್: ಬೇರೆಯಾಗುವುದು, ದೂರವಾಗುವುದು, ನಿಲ್ಲುವುದು. ಕಾಯಿ ಮರದಿಂದ ಕಳಚಿ ಬಿದ್ದರೆ “ಫೆಲ್ ಆಫ್”. ಚಪ್ಪಲಿ ಕಳಚುವುದು “ಟೇಕ್ ಆಫ್”. ಪಂಪಿನ ಮೋಟಾರು ನಿಲ್ಲಿಸುವುದು “ಸ್ವಿಚ್ ಆಫ್”. ಕಾಲ್ ಆಫ್, ಪುಟ್ ಆಫ್ ಕೂಡ ಇದೇ ಮನೆಯವು: ಗೊತ್ತಾದ ದಿನದಿಂದ ಕೆಲಸ ಕಳಚಿಕೊಂಡಿತು.

ಔಟ್: ಹೊರಗೆ, ಖಾಲಿ, ಬಯಲಿಗೆ. “ವೀ ರ್‍ಯಾನ್ ಔಟ್ ಆಫ್ ಡೀಸೆಲ್” ಎಂದರೆ ನಮ್ಮಲ್ಲಿ ಡೀಸೆಲ್ ಮುಗಿದುಹೋಯಿತು. “ಪುಟ್ ಔಟ್ ದ ಫೈರ್” ಎಂದರೆ ಬೆಂಕಿ ಆರಿಸು. “ಫೈಂಡ್ ಔಟ್” ಎಂದರೆ ವಿಚಾರಿಸಿ ಪತ್ತೆ ಮಾಡು. “ಲೆಫ್ಟ್ ಔಟ್” ಎಂದರೆ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿದೆ.

ಡೌನ್: ಕೆಳಗೆ, ಇಳಿಕೆ. “ಕಟ್ ಡೌನ್ ದ ಟ್ರೀ” ಎಂದರೆ ಮರ ಕಡಿದು ಉರುಳಿಸು. “ದ ಪಂಪ್ ಬ್ರೋಕ್ ಡೌನ್” ಎಂದರೆ ಪಂಪು ಕೆಟ್ಟುನಿಂತಿತು. “ರೈಟ್ ಇಟ್ ಡೌನ್” ಎಂದರೆ ಮರೆಯುವ ಮೊದಲು ಬರೆದಿಟ್ಟುಕೋ.

ಆನ್: ಮೈಮೇಲೆ, ಇಲ್ಲವೇ ಮುಂದುವರಿಕೆ. “ಪುಟ್ ಆನ್” ಎಂದರೆ ತೊಟ್ಟುಕೋ. “ಕ್ಯಾರಿ ಆನ್” ಎಂದರೆ ನಿಲ್ಲಿಸಬೇಡ, ಮಾಡುತ್ತಾ ಹೋಗು.

ಇನ್ನು ತಲೆ ಒಂದೇ, ಬಾಲ ಬೇರೆ ಬೇರೆ ಆದರೆ? “ಲುಕ್” ಎಂದರೆ ನೋಡು. ಕಳೆದ ಕನ್ನಡಕವನ್ನು ಅಜ್ಜಿ ಹುಡುಕಿದರೆ “ಲುಕ್ ಫಾರ್”. ಕರುವನ್ನು ನೋಡಿಕೊಂಡರೆ “ಲುಕ್ ಆಫ್ಟರ್”. ನಿಘಂಟಿನಲ್ಲಿ ಪದ ಹುಡುಕಿದರೆ “ಲುಕ್ ಅಪ್”. ದೂರು ಬಂದಾಗ ಅಧಿಕಾರಿ ವಿಚಾರಣೆ ಮಾಡಿದರೆ “ಲುಕ್ ಇಂಟು”. ಯಾರನ್ನಾದರೂ ಕೀಳಾಗಿ ಕಂಡರೆ “ಲುಕ್ ಡೌನ್ ಆನ್”. ಜಾತ್ರೆ ಯಾವಾಗ ಬರುತ್ತದೋ ಎಂದು ಕಾತರದಿಂದ ಎದುರುನೋಡಿದರೆ “ಲುಕ್ ಫಾರ್ವರ್ಡ್ ಟು”. ಕೊನೆಯದು ಕನ್ನಡಕ್ಕೆ ಎಷ್ಟು ಹತ್ತಿರ ನೋಡಿ: ಎದುರು, ನೋಡು.

ಎರಡು ಎಚ್ಚರಿಕೆ

ಒಂದು: ಬಾಲದ ಅರ್ಥ ದಾರಿ ತೋರಿಸುತ್ತದೆ, ಆದರೆ ಎಲ್ಲ ಕಡೆಗೂ ಕರೆದುಕೊಂಡು ಹೋಗುವುದಿಲ್ಲ. “ದ ಲೈಟ್ಸ್ ವೆಂಟ್ ಆಫ್” ಎಂದರೆ ದೀಪ ಆರಿತು. “ದಿ ಅಲಾರಂ ವೆಂಟ್ ಆಫ್” ಎಂದರೆ ಅಲಾರಂ ನಿಂತಿತು ಎಂದಲ್ಲ, ಬಡಿದುಕೊಂಡಿತು ಎಂದರ್ಥ! “ಪುಟ್ ಅಪ್ ವಿತ್” ಎಂದರೆ ಸಹಿಸಿಕೊಳ್ಳು; ಮೂರು ಪದಗಳಲ್ಲಿ ಯಾವುದನ್ನು ಬಿಡಿಸಿದರೂ ಆ ಅರ್ಥ ಸಿಕ್ಕುವುದಿಲ್ಲ. ಇಂಥವನ್ನು ನಿಘಂಟಿನಲ್ಲೇ ನೋಡಬೇಕು. ಸಾಮಾನ್ಯವಾಗಿ ಮೂಲ ಕ್ರಿಯಾಪದದ ಅರ್ಥಗಳೆಲ್ಲ ಮುಗಿದ ಮೇಲೆ, ಅದರ ಕೆಳಗೆ ಜೋಡಿಗಳನ್ನು ಕೊಟ್ಟಿರುತ್ತಾರೆ. ಮೊದಲ ಸಾಲು ಓದಿ ಪುಸ್ತಕ ಮುಚ್ಚಬೇಡಿ.

ಎರಡು: ಬಾಲ ಕೆಲವು ಸಲ ಜಾರಿ ಕೊನೆಗೆ ಹೋಗುತ್ತದೆ. “ಸ್ವಿಚ್ ಆಫ್ ದ ಮೋಟಾರ್” ಎನ್ನಬಹುದು, “ಸ್ವಿಚ್ ದ ಮೋಟಾರ್ ಆಫ್” ಎಂದೂ ಅನ್ನಬಹುದು. ಆದರೆ ಮೋಟಾರಿನ ಬದಲು “ಇಟ್” ಬಂದರೆ ಅದು ನಡುವೆಯೇ ಕೂರಬೇಕು: “ಸ್ವಿಚ್ ಇಟ್ ಆಫ್”. “ಸ್ವಿಚ್ ಆಫ್ ಇಟ್” ಎಂದರೆ ತಪ್ಪು. ಹಾಗೆಂದು ಎಲ್ಲ ಜೋಡಿಯನ್ನೂ ಬಿಡಿಸಲಾಗದು. “ಲುಕ್ ಆಫ್ಟರ್ ಇಟ್” ಎಂದೇ ಹೇಳಬೇಕು. ಲುಕ್ ಮತ್ತು ಆಫ್ಟರ್ ನಡುವೆ ಯಾರೂ ಕೂರುವ ಹಾಗಿಲ್ಲ.

ಅದಕ್ಕೇ ಓದುವಾಗ ಒಂದು ನಿಯಮ ಇಟ್ಟುಕೊಳ್ಳಿ: ಕ್ರಿಯಾಪದ ಕಂಡ ಕೂಡಲೇ ಅರ್ಥ ಹೇಳಬೇಡಿ. ವಾಕ್ಯದ ತುದಿ ಮುಟ್ಟಿ, ಬಾಲ ಇದೆಯೇ ನೋಡಿ, ಆಮೇಲೆ ಬಾಯಿ ಬಿಡಿ. ಕಾಯನ್ನು ಅಲ್ಲಾಡಿಸಿ ಕೇಳದೆ ಯಾರಾದರೂ ಒಡೆಯುತ್ತಾರೆಯೇ? ಹಾಗೆಯೇ ಇದು.

ನಮ್ಮ ಸೀಮೆಯ ಇಬ್ಬರು

ಕನ್ನಡ ಹಿಡಿದುಕೊಂಡು ಇಂಗ್ಲಿಷ್ ಕಲಿತರೆ ಇಂಗ್ಲಿಷ್ ಕೆಡುತ್ತದೆ ಎಂದು ಕೆಲವರು ಹೇಳುವುದುಂಟು. ಅವರಿಗೆ ನಮ್ಮ ಪಕ್ಕದ ಎರಡು ಊರು ತೋರಿಸಿ.

ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದವರು ಬಿ.ಎಂ. ಶ್ರೀಕಂಠಯ್ಯ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅವರು ಕಲಿಸಿದ್ದು ಇಂಗ್ಲಿಷ್. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು “ಇಂಗ್ಲಿಷ್ ಗೀತಗಳು” ಎಂಬ ಪುಸ್ತಕ ಕೊಟ್ಟರು. 1911ರಲ್ಲಿ ಧಾರವಾಡದಲ್ಲಿ ಅವರು ಮಾಡಿದ ಭಾಷಣದ ಹೆಸರು “ಕನ್ನಡ ಮಾತು ತಲೆಯೆತ್ತುವ ಬಗೆ”. ತಲೆ ಎತ್ತು! ಮಾತಿಗೆ ತಲೆ ಎಲ್ಲಿದೆ? ಅದೂ ಒಂದು ಜೋಡಿ; ಬಿಡಿಸಿ ಓದಿದರೆ ಅರ್ಥ ಕೈಗೆ ಸಿಕ್ಕುವುದಿಲ್ಲ.

ಇನ್ನೊಬ್ಬರು ತೀ.ನಂ. ಶ್ರೀಕಂಠಯ್ಯ. ಹೆಸರಿನ ಮೊದಲ “ತೀ” ಎಂದರೆ ತೀರ್ಥಪುರ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಊರು. 1906ರಲ್ಲಿ ಹುಟ್ಟಿದ ಅವರು “ಕನ್ನಡ ಮಧ್ಯಮ ವ್ಯಾಕರಣ” ಬರೆದರು. ನಿಮ್ಮ ತಾತ ಅಜ್ಜಿಯರಲ್ಲಿ ಕೆಲವರು ಅದನ್ನು ಓದಿಯೇ ಪರೀಕ್ಷೆ ಪಾಸಾಗಿರಬಹುದು, ಕೇಳಿನೋಡಿ.

ಜಗಲಿಯ ಆಟ

ಈ ಆಟಕ್ಕೆ ಇಂಗ್ಲಿಷ್ ಬಲ್ಲ ದೊಡ್ಡವರು ಬೇಕಾಗಿಲ್ಲ. ದಿನಕ್ಕೆ ಹತ್ತು ನಿಮಿಷ ಸಾಕು. ಮಗು ಪಾಠದಿಂದ ಒಂದು ಜೋಡಿ ಹುಡುಕಿ ತಂದು, ಅದು ಬಂದ ವಾಕ್ಯದ ಕಥೆ ಹೇಳಬೇಕು. ಅಜ್ಜಿ ಅದಕ್ಕೆ ಒಪ್ಪುವ ಕನ್ನಡದ ಮಾತು ಕೊಡಬೇಕು. “ರದ್ದುಗೊಳಿಸು” ಎಂಬ ಪುಸ್ತಕದ ಮಾತು ಬೇಡ. “ಬ್ಯಾಡ ಅಂದ್ರು” ಎಂಬ ಮನೆಯ ಮಾತೇ ಬೇಕು. ಒಪ್ಪಿದರೆ ಇಬ್ಬರೂ ಸೇರಿ ಆ ದಿನ ಮನೆಯಲ್ಲಿ ನಡೆದ ಒಂದು ಸಂಗತಿಗೆ ಆ ಜೋಡಿಯನ್ನು ಹಚ್ಚಬೇಕು. ನಾಯಿ ಹಾಲು ಚೆಲ್ಲಿದ್ದು, ಕರೆಂಟು ಹೋದದ್ದು, ಬಸ್ಸು ಕೆಟ್ಟುನಿಂತದ್ದು, ಏನಾದರೂ ಸರಿ. ದಿನಕ್ಕೆ ಒಂದೇ ಜೋಡಿ. ವಾರಕ್ಕೆ ಏಳು. ಬರೆದಿಡಲು ಹಳೆಯ ನೋಟ್ ಪುಸ್ತಕದ ಹಿಂದಿನ ಹಾಳೆ ಸಾಕು.

ದೊಡ್ಡವರಿಗೆ ಒಂದು ಮಾತು. ಮಗು ತಪ್ಪು ಓದಿದರೆ ನಗಬೇಡಿ. “ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಬರ್‍ತದೆ, ನಿಂಗೆ ಬರಲ್ಲ” ಎಂದಂತೂ ಅನ್ನಲೇಬೇಡಿ. ಆ ಮಕ್ಕಳೂ ಇದೇ ಕಲ್ಲಿಗೆ ಎಡವುತ್ತಾರೆ. ನಿಮಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಗೊತ್ತಿಲ್ಲದ ತಾತನ ಜೊತೆ ಕೂತು ಹುಡುಕುವಾಗ ಮಗುವಿಗೆ ಭಯ ಇರುವುದಿಲ್ಲ.

ತಾತನ ಎರಡನೇ ಕಾಗದ

ಇದನ್ನೆಲ್ಲ ಅಂಕಣಕ್ಕಿಂತ ಮೊದಲೇ ಆ ತಾತನಿಗೆ ಬರೆದು ಕಳಿಸಿದ್ದೆ. ಮೊನ್ನೆ ಉತ್ತರ ಬಂತು. ಮೊದಲ ಮೂರು ದಿನ ಮೊಮ್ಮಗಳು ಆಟಕ್ಕೆ ಬರಲಿಲ್ಲವಂತೆ. ತಾತ ತಾವೇ ಅವಳ ಪಾಠದ ಪುಸ್ತಕ ತೆಗೆದುಕೊಂಡು ಅಕ್ಷರ ಕೂಡಿಸಿ ಕೂಡಿಸಿ ಓದತೊಡಗಿದರಂತೆ. ತಾತ “ಗೆಟ್” ಎನ್ನುವುದನ್ನು “ಗೇಟು” ಎಂದು ಓದಿದಾಗ ಹುಡುಗಿಗೆ ತಡೆಯಲಾಗಲಿಲ್ಲ. ಬಂದು ಪಕ್ಕದಲ್ಲಿ ಕೂತಳು.

ಹೋದ ವಾರ ಮತ್ತೆ ಇಂಗ್ಲಿಷಿನಲ್ಲಿ ಸಂದೇಶ ಬಂತು. “ದ ಲಾರಿ ವಿಲ್ ಟರ್ನ್ ಅಪ್ ಬೈ ಟೆನ್.” ಅವಳೇ ಮೊಬೈಲು ಕೈಗೆ ತೆಗೆದುಕೊಂಡಳು. ಓದಿದಳು, ಆದರೆ ಅರ್ಥ ಹೇಳಲಿಲ್ಲ. ಒಳಗೆ ಹೋಗಿ ಶಾಲೆಯ ನಿಘಂಟು ತಂದು “ಟರ್ನ್” ತೆಗೆದು ಕೆಳಗಿನವರೆಗೂ ಬೆರಳು ಇಳಿಸಿದಳು.

“ಲಾರಿ ತಿರುಗಿ ಹೋಗಲ್ಲ ತಾತ. ಟರ್ನ್ ಅಪ್ ಅಂದ್ರೆ ಬಂದು ನಿಲ್ಲೋದು. ಹತ್ತು ಗಂಟೆ ಒಳಗೆ ಬತ್ತದಂತೆ.”

ಲಾರಿ ಬಂದದ್ದು ಹನ್ನೊಂದೂವರೆಗೆ. “ಅದು ಲಾರಿಯವನ ತಪ್ಪು, ನಮ್ಮ ಹುಡುಗಿಯದಲ್ಲ” ಎಂದು ತಾತ ಬರೆದಿದ್ದಾರೆ. ಈ ಸಲ ಚೀಲಗಳನ್ನು ಜಗಲಿಯ ಮೇಲೆ ಇಟ್ಟಿರಲಿಲ್ಲವಂತೆ.

ಈ ವಾರದ ಮನೆಗೆಲಸ

ಇವಕ್ಕೆ ಮನೆಮಾತಿನ ಕನ್ನಡ ಹುಡುಕಿ. ಮೊದಲು ಅಜ್ಜ ಅಜ್ಜಿಯರನ್ನು ಕೇಳಿ, ಆಮೇಲೆ ಉತ್ತರ ನೋಡಿ.

1. ಮೈ ಗ್ರ್ಯಾಂಡ್‌ಮದರ್ ಬ್ರಾಟ್ ಮಿ ಅಪ್.
2. ದ ಮ್ಯಾಚ್ ವಾಸ್ ಪುಟ್ ಆಫ್ ಟಿಲ್ ಸಂಡೇ.
3. ಹೀ ಟರ್ನ್ಡ್ ಡೌನ್ ದ ಆಫರ್.
4. ವೀ ಹ್ಯಾವ್ ರನ್ ಔಟ್ ಆಫ್ ರೈಸ್.
5. ಡೋಂಟ್ ಗಿವ್ ಅಪ್.

ಉತ್ತರ: 1. ನನ್ನನ್ನು ಸಾಕಿ ಬೆಳೆಸಿದವರು ಅಜ್ಜಿ. 2. ಮ್ಯಾಚನ್ನು ಭಾನುವಾರಕ್ಕೆ ಮುಂದಕ್ಕೆ ಹಾಕಿದರು. 3. ಕೊಡುತ್ತೇನೆಂದು ಬಂದದ್ದನ್ನು ಅವನು ಒಲ್ಲೆ ಎಂದ. 4. ಮನೆಯಲ್ಲಿ ಅಕ್ಕಿ ಮುಗಿದುಹೋಗಿದೆ. 5. ಇದರ ಉತ್ತರವನ್ನು ತಾತನ ಮೊಮ್ಮಗಳು ಆಗಲೇ ಕೊಟ್ಟಿದ್ದಾಳೆ: ಕೈಚೆಲ್ಲಬೇಡ.